ಲಿಫ್ಟ್ ರಿಪೇರಿಯವರ ಸಹಿ

ಮಾನ್ಯ ಅಧ್ಯಕ್ಷರೇ, ಈ ತರಬೇತಿ ಕೇಂದ್ರವನ್ನು ಕಟ್ಟಿ ಬೆಳೆಸಿದ ನಿರ್ದೇಶಕರೇ, ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಅವರನ್ನು ಕರೆತಂದಿರುವ ತಂದೆತಾಯಿಗಳೇ, ಮತ್ತು ಬಾಗಿಲ ಹತ್ತಿರದ ಕೊನೆಯ ಸಾಲನ್ನೇ ಹುಡುಕಿ ಕೂತಿರುವ ಸಭಿಕರೇ,

ಕೊನೆಯ ಸಾಲಿನವರಿಗೆ ನನ್ನದೊಂದು ವಿಶೇಷ ವಂದನೆ. ಪ್ರತಿ ವರ್ಷ ನಾನೂ ಅಲ್ಲೇ ಕೂರುತ್ತಿದ್ದೆ. ಮೈಕಿನ ಮುಂದೆ ನಿಲ್ಲುವ ಅಭ್ಯಾಸ ನನಗಿಲ್ಲ.

‘ವರ್ಷದ ಅತ್ಯುತ್ತಮ ಮಾರ್ಗದರ್ಶಕಿ’ ಎಂದು ನನ್ನನ್ನು ಗೌರವಿಸಿದ್ದೀರಿ. ನಾನು ಮಾಡುವ ಕೆಲಸವೇನು? ನಿಮ್ಮಲ್ಲಿ ಹಲವರಿಗೆ ಗೊತ್ತು. ದೊಡ್ಡ ಕಾಲೇಜುಗಳಿಗೆ ಈಗ ಅಂಕಗಳಷ್ಟೇ ಸಾಲವು, ಅರ್ಜಿಯ ಜೊತೆ ಒಂದು ಪ್ರಬಂಧವೂ ಬೇಕು. ಓದು ನಿಮಗೆ ಯಾಕೆ ಬೇಕು? ಓದಲು ನಮ್ಮ ಕಾಲೇಜೇ ಯಾಕೆ ಬೇಕು? ಹದಿನೇಳು ವರ್ಷದ ಮಕ್ಕಳು ಇದಕ್ಕೆ ಎರಡು ಪುಟಗಳಲ್ಲಿ ಉತ್ತರ ಬರೆಯಬೇಕು. ನಾನು ಅದನ್ನು ತಿದ್ದುತ್ತೇನೆ. ತಿದ್ದುವುದು ಎನ್ನುವುದು ನಮ್ಮ ಕೇಂದ್ರದ ನಾಮಫಲಕದ ಮೇಲಿರುವ ಮಾತು. ಮಕ್ಕಳು ಬರೆದಿದ್ದರಲ್ಲಿ ನಾನು ಉಳಿಸುತ್ತಿದ್ದದ್ದು ಹೆಚ್ಚಾಗಿ ಅವರ ಹೆಸರು.

ಸಾಹಿತ್ಯ ಓದಿ ಮುಗಿಸಿ, ಎಲ್ಲೂ ಕೆಲಸ ಸಿಗದೆ, ಮೂರು ವರ್ಷದ ಹಿಂದೆ ನಾನಿಲ್ಲಿಗೆ ಬಂದೆ. ಮೊದಲ ದಿನವೇ ನಿರ್ದೇಶಕರು ಹೇಳಿದರು: “ನೋಡಮ್ಮಾ, ಕಣ್ಣೀರಿಲ್ಲದ ಪ್ರಬಂಧ ಅಂದ್ರೆ ಉಪ್ಪಿಲ್ಲದ ಅಡುಗೆ. ಹುಡುಗ ಬೆಟ್ಟ ಹತ್ತಿದ ಅಂತ ಅವರಿಗೆ ಕಾಣಬೇಕಾದ್ರೆ, ಮೊದಲು ಗುಂಡಿ ತೋರಿಸಬೇಕು. ಗುಂಡಿ ಇಲ್ವಾ? ತೋಡು.” ಸಾರ್, ನೀವು ನಗುತ್ತಿದ್ದೀರಿ. ನಾನೂ ಅಂದು ನಕ್ಕಿದ್ದೆ. ಆಮೇಲೆ ಗುದ್ದಲಿ ಹಿಡಿದೆ.

ಕಳೆದ ವರ್ಷ ನನ್ನ ಬಳಿ ಒಬ್ಬ ಹುಡುಗಿ ಬಂದಳು. ಗೆಳತಿಯರು ಅವಳನ್ನು ಇಂಚುಪಟ್ಟಿ ಎಂದು ಕರೆಯುತ್ತಿದ್ದರು. ಅಪ್ಪನ ಅಳತೆ ಟೇಪು ಸದಾ ಅವಳ ಚೀಲದಲ್ಲಿರುತ್ತಿತ್ತು, ಮತ್ತು ಕಂಡದ್ದನ್ನೆಲ್ಲ ಅಳೆಯುವ ಚಾಳಿ ಅವಳಿಗಿತ್ತು. ನನ್ನ ಕೋಣೆಗೆ ಬಂದವಳು ಮೊದಲು ಬಾಗಿಲು ಅಳೆದು, “ಮೇಡಂ, ಇದು ಒಂದು ಕಡೆ ಅರ್ಧ ಇಂಚು ಇಳಿದಿದೆ, ಅದಕ್ಕೇ ಕಿರ್ ಅನ್ನುತ್ತೆ” ಎಂದಳು. ಅವಳ ಅಪ್ಪ ಲಿಫ್ಟ್ ರಿಪೇರಿ ಮಾಡುವವರು.

ಅವಳು ಬರೆದು ತಂದದ್ದು ಅರ್ಧ ಪುಟ. ನನಗೆ ಅದು ಈಗಲೂ ಬಾಯಿಗೆ ಬರುತ್ತದೆ. ‘ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡರೆ ಅಪ್ಪ ಮೊದಲು ಹೊರಗಿನಿಂದ ಅವರೊಂದಿಗೆ ಮಾತಾಡುತ್ತಾರೆ. ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ಕೇಳುತ್ತಾರೆ. ಮಾತಾಡುತ್ತಲೇ ಕೆಲಸ ಮಾಡುತ್ತಾರೆ. ಲಿಫ್ಟಿನ ಉಕ್ಕಿನ ಹಗ್ಗ ಯಾವಾಗ ತುಂಡಾಗುತ್ತದೆ ಎಂದು ಅಪ್ಪನಿಗೆ ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ಯಾಕೆ ಎಂದು ಗೊತ್ತಿಲ್ಲ. ನಿಮ್ಮ ಕಾಲೇಜಿನಲ್ಲಿ ಹಗ್ಗವನ್ನು ತುಂಡಾಗುವವರೆಗೂ ಎಳೆದು ನೋಡುವ ಯಂತ್ರವಿದೆ. ನಾನು ಅದನ್ನು ನೋಡಬೇಕು. ಯಾಕೆ ಎಂದು ತಿಳಿದು ಅಪ್ಪನಿಗೆ ಹೇಳಬೇಕು.’

ಇಷ್ಟೇ. ಸಭಿಕರೇ, ಓದು ಯಾಕೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ. ಅಂದು ನಾನೇನು ಮಾಡಿದೆ? ಕೆಂಪು ಪೆನ್ನಿನಲ್ಲಿ ‘ಕಷ್ಟ ಎಲ್ಲಿ?’ ಎಂದು ಬರೆದೆ.

“ಕಷ್ಟ ಏನಿಲ್ವಲ್ಲ ಮೇಡಂ” ಎಂದಳು.

ನಾನು ಕಷ್ಟ ಹುಡುಕಿಕೊಟ್ಟೆ. ನನ್ನ ಹತ್ತಿರ ಒಂದು ಸಿದ್ಧವಿತ್ತು. ಮಗಳು ಓದಬಾರದೆಂದು, ರಾತ್ರಿ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಅವಳ ಕೋಣೆಯ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಳ್ಳುವ ಒಬ್ಬ ಅಪ್ಪ. ಬಲ್ಬು ಬಿಸಿಯಿರುತ್ತದೆಂದು ಕರವಸ್ತ್ರದಲ್ಲಿ ಹಿಡಿದು ಬಿಚ್ಚುವ ಅಪ್ಪ. ‘ಹೆಣ್ಣುಮಗುವಿಗೆ ಇಷ್ಟು ಬೆಳಕು ಸಾಕು’ ಎನ್ನುವ ಅಪ್ಪ. ಕರವಸ್ತ್ರದ ಅಂಚಿನಲ್ಲಿ ಒಂದು ಸುಟ್ಟ ಕಲೆಯನ್ನೂ ಸೇರಿಸಿದೆ. ಇಂಥ ಸಣ್ಣ ವಿವರಗಳಿಂದಲೇ ಪ್ರಬಂಧಕ್ಕೆ ಜೀವ ಬರುತ್ತದೆ ಎಂದು ನಾನು ತರಗತಿಯಲ್ಲಿ ಹೇಳಿಕೊಡುತ್ತೇನೆ.

ಆ ವಿವರ ನನಗೆ ಎಲ್ಲಿಂದ ಬಂತು? ನಾನು ಕಾಲೇಜಿಗೆ ಅರ್ಜಿ ಹಾಕಿದಾಗ ನನ್ನ ಪ್ರಬಂಧದ ಮೊದಲ ವಾಕ್ಯ ‘ನನ್ನ ತಂದೆಯೇ ನನಗೆ ಸ್ಫೂರ್ತಿ’ ಎಂದಿತ್ತು. ಅಪ್ಪ ಅದನ್ನು ಓದಿ, ಖುಷಿಯಿಂದ ಸಹಿ ಹಾಕಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಅಂದರೆ, ಬೇರೆಯವರಿಗೆ ಕೆಟ್ಟವರಾಗಿರಲಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಕ್ಷಮಿಸಿ, ವಿಷಯ ಬಿಟ್ಟು ಬೇರೆಲ್ಲೋ ಹೋದೆ.

ಅರ್ಜಿಯ ಕೊನೆಯಲ್ಲಿ ಒಂದು ಸಾಲಿರುತ್ತದೆ: ‘ಮೇಲೆ ಬರೆದದ್ದೆಲ್ಲ ನಿಜ.’ ಕೆಳಗೆ ವಿದ್ಯಾರ್ಥಿಯ ಸಹಿ, ಪಕ್ಕದಲ್ಲಿ ತಂದೆಯದೋ ತಾಯಿಯದೋ ಸಹಿ. ಹುಡುಗಿಯ ಅಪ್ಪ, ಲಿಫ್ಟಿನವರು, ಸಹಿ ಹಾಕಲು ಕೆಲಸದ ಮಧ್ಯೆ ಬಂದಿದ್ದರು. ಕೈಗೆ ಗ್ರೀಸು ಹತ್ತಿತ್ತು. ಹಾಳೆ ಕೊಳೆಯಾದೀತೆಂದು ಬೆರಳನ್ನು ಕಾಗದಕ್ಕೆ ತಾಗಿಸದೆ, ಒಂದಿಷ್ಟು ಮೇಲೆಯೇ ಸಾಲುಸಾಲಾಗಿ ಓಡಿಸುತ್ತ ಓದಿದರು. ಒಂದು ಕಡೆ ಬೆರಳು ನಿಂತಿತು.

“ಮೇಡಂ, ಇಲ್ಲಿ ತಂದೆ ಅಂತ ಇದೆಯಲ್ಲ, ಅದು ನಾನಾ?”

ನಾನು, “ಅದು ಬರವಣಿಗೆಯ ಒಂದು ರೀತಿ” ಎಂದೆ. ಮಗಳು ಕಿಟಕಿಯ ಆಚೆ ನೋಡುತ್ತಿದ್ದಳು.

“ಹೀಗೆ ಬರೆದ್ರೆ ಸೀಟು ಸಿಗುತ್ತಾ?”

“ಸಿಗುತ್ತೆ.”

ಅವರು ಪೆನ್ನು ಕೇಳಿದರು. ನಾನೇ ಕೊಟ್ಟೆ.

ಪ್ರಬಂಧ ಗೆದ್ದಿತು, ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ನಡೆದದ್ದನ್ನು ಹುಡುಗಿಯೇ ಬಂದು ಹೇಳಿದಳು. ವಯಸ್ಸಾದ ಅಧ್ಯಾಪಕಿಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಈಗಲಾದರೂ ನಿನ್ನ ಕೋಣೇಲಿ ದೀಪ ಇದೆಯಾ ಮಗೂ?” ಎಂದು ಕೇಳಿದರಂತೆ. ಬೈದು ಕೇಳಿದ್ದರೆ ಸುಳ್ಳು ಹೇಳಿಬಿಡುತ್ತಿದ್ದಳೇನೋ. ಅಷ್ಟು ಪ್ರೀತಿಯಿಂದ ಕೇಳಿದಾಗ ಅವಳಿಂದ ಆಗಲಿಲ್ಲ. “ನಮ್ಮಪ್ಪ ಬಲ್ಬ್ ಬಿಚ್ಚೋರಲ್ಲ ಮೇಡಂ. ಬೀದಿಯವರಿಗೆಲ್ಲ ಬಲ್ಬ್ ಹಾಕಿಕೊಡೋರು” ಎಂದುಬಿಟ್ಟಳು.

ಹತ್ತು ದಿನಕ್ಕೆ ಪತ್ರ ಬಂತು. ಸುಳ್ಳು ಮಾಹಿತಿ ನೀಡಿದ್ದರಿಂದ ಅರ್ಜಿ ರದ್ದು, ಇನ್ನು ಮೂರು ವರ್ಷ ಆ ಕಾಲೇಜಿಗೆ ಅರ್ಜಿ ಹಾಕುವಂತಿಲ್ಲ. ಆ ಯಂತ್ರ ಇರುವುದು ಅದೊಂದೇ ಕಾಲೇಜಿನಲ್ಲಿ.

ಅದರ ಮರುದಿನ ಲಿಫ್ಟಿನವರು ನನ್ನ ಕೋಣೆಗೆ ಬಂದರು. ಜಗಳಕ್ಕೆ ಬಂದರೆಂದುಕೊಂಡು ನಾನು ಎದ್ದು ನಿಂತೆ. ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತರು.

“ಮೇಡಂ, ನಾನು ಸರಿಯಾಗಿ ಕೆಟ್ಟವನಾಗ್ಲಿಲ್ಲ ಅಂತ ಕಾಣುತ್ತೆ. ಬೇರೆ ಯಾವುದಾದ್ರೂ ಕಾಲೇಜಿಗೆ ಇನ್ನೊಂದ್ಸಲ ಬರೆದುಕೊಡ್ತೀರಾ? ಈ ಸಲ ಕುಡಿತೀನಿ, ಹೊಡಿತೀನಿ ಅಂತಲೂ ಸೇರಿಸಿ. ನಂಗೇನೂ ಬೇಜಾರಿಲ್ಲ. ಮೊದಲೇ ತೋರಿಸಿದ್ರೆ ಅವಳಿಗೆ ಬಾಯಿಪಾಠ ಮಾಡಿಸ್ತೀನಿ.”

ಅವರು ಹೋದ ಮೇಲೆ ಕಾಲೇಜಿಗೆ ಪತ್ರ ಬರೆದೆ. ಬರೆದವಳು ನಾನು, ಆ ಹುಡುಗಿಯ ಅರ್ಧ ಪುಟ ಇಲ್ಲಿದೆ, ದಯವಿಟ್ಟು ಓದಿ ಎಂದು. ಒಂದೇ ಸಾಲಿನ ಉತ್ತರ ಬಂತು: ‘ಸಹಿ ಮಾಡಿದವರೇ ಜವಾಬ್ದಾರರು.’

ಹುಡುಗಿ ಈಗ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಾಗ ಇಬ್ಬರೂ ಬಂದಿದ್ದರು. ಲಿಫ್ಟಿನವರು ಎಂದಿನಂತೆ ಊಟ ಆಯ್ತಾ ಮೇಡಂ ಎಂದು ಕೇಳಿದರು. ಅವಳು ಅಪ್ಪನ ಕೈಗೆ ಸ್ಪ್ಯಾನರ್ ಕೊಡುತ್ತಿದ್ದಳು. ನನ್ನನ್ನು ನೋಡಲಿಲ್ಲ. ನಾನು ಮೆಟ್ಟಿಲು ಹತ್ತಿ ಹೋದೆ.

ಮೂವತ್ತೆಂಟು ಮಕ್ಕಳಿಗೆ ಸೀಟು ಸಿಕ್ಕಿದೆ ಎಂದು ಅಧ್ಯಕ್ಷರು ಹೇಳಿದರು. ನಿಜ, ಚಪ್ಪಾಳೆ ತಟ್ಟಿದ್ದಕ್ಕೆ ಕೃತಜ್ಞತೆಗಳು. ನೀವು ಕೊಟ್ಟ ಈ ಪ್ರಶಸ್ತಿ ಫಲಕವನ್ನು ಮಾತ್ರ ನಾನು ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ. ಸಾರ್, ಸಿಟ್ಟಾಗಬೇಡಿ, ನನಗೆ ಅನ್ನ ಕೊಟ್ಟವರು ನೀವು. ರಾಜೀನಾಮೆ ಪತ್ರ ನಿಮ್ಮ ಮೇಜಿನ ಮೇಲಿದೆ. ಇನ್ನೊಂದೇ ಮಾತು.

ತಂದೆತಾಯಿಗಳೇ, ಈ ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಈ ವರ್ಷದ ಅರ್ಜಿಗಳಿಗೆ ನಿಮ್ಮ ಸಹಿ ಪಡೆಯುತ್ತಾರೆ. ಆ ಪ್ರಬಂಧಗಳನ್ನೂ ನಾನೇ ಬರೆದಿದ್ದೇನೆ. ಲಿಫ್ಟಿನವರು ಬಂದು ಹೋದ ಮೇಲೂ ಬರೆದಿದ್ದೇನೆ, ಕೈಗೆ ಅದೇ ರೂಢಿ. ಓದಿ ನೋಡಿ. ಪುಸ್ತಕ ಕಿತ್ತುಕೊಳ್ಳುವ, ಬಾಗಿಲು ಹಾಕಿ ಕೂಡಿಹಾಕುವ, ಮಗಳ ಅಂಕಪಟ್ಟಿಯನ್ನು ಮಡಚಿ ಅಲುಗುವ ಮೇಜಿನ ಕಾಲಿನಡಿ ಇಡುವ ಅಪ್ಪನೊಬ್ಬ ಏಳು ಅರ್ಜಿಗಳಲ್ಲಿದ್ದಾನೆ. ಅವನು ನೀವಲ್ಲ. ಸಹಿ ಹಾಕಬೇಡಿ. ಅವರು ನನ್ನ ಅಪ್ಪ. ಆ ಹಾಳೆಗಳನ್ನು ದಯವಿಟ್ಟು ನನಗೆ ವಾಪಸು ಕೊಡಿ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ನಮಸ್ಕಾರ.