ಮಾಸ್ತರರಿಗೆ ಐಸ್ ಮೀನು

ಮಾತಾಡಬೇಡಿ ಮಾಸ್ತರ್ರೆ, ಮಾತಾಡಬೇಡಿ. ಗಂಟಲಲ್ಲಿ ಪೈಪು ಇಳಿಸಿ ತೆಗೆದಿದಾರೆ, ಡಾಕ್ಟರು ಹೂಂ ಅನ್ನೂ ತನಕ ಒಂದು ಶಬ್ದ ಆಡಿಸಬೇಡಿ ಅಂತ ಸಿಸ್ಟರು ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ ಹೇಳಿದಾರೆ. ನಾನೇ ಮಾತಾಡ್ತೆ. ನೀವು ತಲೆ ಆಡಿಸಿದ್ರೆ ಸಾಕು... ಹಾಂ, ಹಾಗೆ.

ಅಲ್ಲ, ಏಳೂದು ಯಾಕೆ? ಮಲಗಿ. ಮಾಲಿನಿ ಅಮ್ಮ ಔಷಧಿ ತರೂಕೆ ಕೆಳಗೆ ಹೋದ್ರು. 'ಸ್ವಲ್ಪ ಕೂತಿರಿ' ಅಂದ್ರು. ಅಂದ್ರು ಅಂದ್ರೆ... ಕುರ್ಚಿ ತೋರಿಸಿದ್ರು. ಮುಖ ಆ ಕಡೆ ಮಾಡಿಕೊಂಡೇ ತೋರಿಸಿದ್ರು. ತಪ್ಪಲ್ಲ. ಗಂಡ ಹೀಗೆ ಮಲಗಿರೂವಾಗ ಅರ್ಚಿತಾಳ ಅಪ್ಪನ ಮುಖ ಯಾರಿಗೆ ಬೇಕು?

ಗುರುತು ಸಿಕ್ತಲ್ಲ? ರಮಾನಂದ. ಟೊಂಕ ಊರಿನ ರಮಾನಂದ ತಾಂಡೇಲ. ಬೋಟು ನಡೆಸೂದು ಬಿಟ್ಟು ವರ್ಷ ಆತು, ಆದ್ರೂ ಜನ ತಾಂಡೇಲ ಅಂತಲೇ ಕರೀತಾರೆ, ಕರೀಲಿ. ನೀವು ಹಳದೀಪುರದ ಶಾಲೆಯಲ್ಲಿ ಅರ್ಚಿತಾಳಿಗೆ ವಿಜ್ಞಾನ ಕಲಿಸಿದವರು. ಅವಳು ಹೊನ್ನಾವರದಲ್ಲಿ ಜಪಾನ್ ಊಟದ ಅಂಗಡಿ ಹಾಕಿ, ಒಂದು ವರ್ಷ ಕರೆದೂ ಕರೆದೂ, ಕಡೆಗೆ ಮೊನ್ನೆ ಮಂಗಳವಾರ ನೀವು ಗಂಡ ಹೆಂಡತಿ ಬಂದ್ರಿ. ಮಧ್ಯಾಹ್ನ ಉಂಡ್ರಿ. ರಾತ್ರೆ ಹೊಟ್ಟೆ ಹಿಡಕೊಂಡು ಈ ಕುಮಟೆ ಆಸ್ಪತ್ರೆಗೆ ಬಂದ್ರಿ.

ಹೊಟ್ಟೆ ಈಗ? ...ಕೈ ಹೀಗೆ ಹೀಗೆ ಮಾಡಿದ್ರೆ ಕಡಿಮೆ ಅಂತಲೋ, ಹೆಚ್ಚು ಅಂತಲೋ? ...ಕಡಿಮೆ. ಆತು. ದೇವರು ದೊಡ್ಡವನು.

ನಾನು ಬಂದದ್ದು ಕ್ಷೇಮ ಕೇಳೂಕೆ. ಮತ್ತೆ ಒಂದು ಮಾತೂ ಅದೆ. ನಾಳೆ ಆಹಾರದ ಆಫೀಸಿನವರು ಬಂದು ನಿಮ್ಮ ಬಾಯಿಂದಲೇ ಕೇಳ್ತಾರಂತೆ, ಎಲ್ಲಿ ತಿಂದ್ರಿ, ಎಂತ ತಿಂದ್ರಿ ಅಂತ. ನಿಮ್ಮ ಭಾವಮೈದ ಜಗದೀಶ ಫೋನ್ ಮಾಡಿ ಕರೆಸಿದ್ದು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಕ್ಕ ಅಳೂದು ನೋಡಿ ಮಾಡಿದ. ಆದ್ರೆ ನೀವು ಅರ್ಚಿತಾಳ ಅಂಗಡಿ ಅಂದ್ರೆ ಅಂಗಡಿಗೆ ಬೀಗ. ಅದನ್ನ ನೀವೂ ಬಲ್ರಿ.

ಯಾಕೆ ಕಣ್ಣು ಮುಚ್ಚಿದ್ರಿ? ನಿದ್ದೆ ಬಂತಾ? ...ಇಲ್ಲ. ಹಾಗಾದ್ರೆ ಹೇಳ್ತೆ.

ಅವಳ ಅಂಗಡಿಯ ಬಗ್ಗೆ ನೀವು ಒಂದೇ ದಿನ ನೋಡಿ ತೀರ್ಮಾನ ಮಾಡಬಾರದು. ನಾನು ಎಲ್ಲಾ ಕಡೆ ನೋಡಿಕೊಂಡು ಬಂದವನು. ಭಟ್ಕಳದಲ್ಲಿ ಇಂಥಾದ್ದೇ ಒಂದು ಆಗಿದೆ, ಹೆಸರು ಬೇಡ. ಹೋಗಿ ಕೂತೆ. ಅನ್ನದ ಉಂಡೆ ಕರಿದು, ಮೇಲೆ ಬಿಳಿ ಸಾಸು ಸುರಿದು ತಂದಿಟ್ಟ. ಒಳಗೆ ಕೋಳಿ. 'ತಮ್ಮಾ, ಎಂತ ಇದು?' ಅಂದೆ. 'ಸುಶಿ' ಅಂದ. 'ಮೀನು ಎಲ್ಲಿ ಹೋತು?' ಅಂದೆ. ಮೊಬೈಲಿಂದ ಕಣ್ಣು ತೆಗೀದೆ, 'ಮೀನು ಬೇಕಾದ್ರೆ ಫ್ರೈ ಅದೆ' ಅಂದ. ಇಲ್ಲೇ ಕುಮಟೆಯಲ್ಲೂ ಒಂದು. ಅನ್ನ ಬೆಳಿಗ್ಗೆ ಮಾಡಿದ್ದು, ಹಲ್ಲಿಗೆ ಕಲ್ಲು. ತಿನ್ನೂಕೆ ಮೊದಲೇ ಮಾಲಕ ಬಂದು, 'ಐದು ಸ್ಟಾರ್ ಒತ್ತಿ ಅಣ್ಣಾ' ಅಂತ ಮೊಬೈಲು ಹಿಡಿದ. ನಾನು ಕನ್ನಡಕ ತಂದಿಲ್ಲ ಅಂದೆ. ಅವನೇ ಒತ್ತಿಕೊಂಡ.

ಅರ್ಚಿತಾ ಹಾಗಲ್ಲ. ಗೋವಾದ ದೊಡ್ಡ ಹೋಟೆಲಲ್ಲಿ ಕಲಿತವಳು. ಬಂದವರು ಕೂತ ಮೇಲೆ ಅನ್ನ ಕೈಗೆ ತಕ್ಕೊಂಡು, ಹಸಿ ಮೀನು ಇಟ್ಟು ಒತ್ತೂದು. ಕಡ್ಡಿಯಲ್ಲಿ ತಿನ್ನೂಕೆ ಬಾರದವರಿಗೆ, 'ಕೈಯಲ್ಲೇ ತಿನ್ನಿ, ಜಪಾನಿನಲ್ಲೂ ಹಾಗೇ' ಅಂತಾಳೆ. ಹೌದೋ ಸುಳ್ಳೋ, ತಿನ್ನೂವವರಿಗೆ ಮರ್ಯಾದೆ ಉಳೀತದೆ. ಬೆಳಕೆ ಊರಿನ ನಮ್ಮ ಗೆಳೆಯ ಶನಿಯಾರ ಬಂದಿದ್ದ. ತಟ್ಟೆಯ ಮೂಲೆಯಲ್ಲಿ ಹಸಿರು ಚಟ್ನಿ ಇಡ್ತಾಳಲ್ಲ, ಅದನ್ನ ಅವನು ಒಂದೇ ಸಲ ಬಾಯಿಗೆ ಹಾಕಿದ. ಇಡೀ ಉಂಡೆ. ಮೇಲೆ ಫ್ಯಾನು ನೋಡ್ತಾ ಕೂತ. ಕಣ್ಣಲ್ಲಿ ನೀರು ಧಾರೆ. ಅರ್ಚಿತಾ ಓಡಿ ಬಂದು, ಪಕ್ಕದಲ್ಲಿ ಕೂತು, ನೀರು ಕೊಟ್ಟು, ಬೆನ್ನು ತಿಕ್ಕಿದ್ಲು. ಶನಿಯಾರ ಮೂಗು ಒರೆಸಿಕೊಂಡು, 'ಇದು ಶೀತಕ್ಕೆ ಅಡ್ಡಿಲ್ಲ' ಅಂದ. ಈಗ ಶೀತ ಆದಾಗಲೆಲ್ಲ ಬರ್ತಾನೆ.

ನಗ್ತೀರಾ? ನಗಬೇಡಿ, ಗಂಟಲಿಗೆ ತ್ರಾಸು.

ಕಡೆಗೆ ಸಾರು ಕೇಳೂವವರು ಇದಾರೆ. ಹೊಟ್ಟೆ ತುಂಬಿದ ಮೇಲೆ ಒಂದು ತುತ್ತು ಸಾರನ್ನ ಇಲ್ಲದಿದ್ರೆ ನಮ್ಮವರಿಗೆ ಊಟ ಮುಗಿದ ಹಾಗೆ ಆಗೂದಿಲ್ಲ. ಅವರಿಗೂ ಮುಖ ಸಿಂಡರಿಸೂದಿಲ್ಲ ಅವಳು. ಗಣಪಿ, ನನ್ನ ಹೆಂಡತಿ, ಮನೆಯಿಂದ ಒಂದು ಪಾತ್ರೆ ಸಾರು ಕಳಿಸ್ತಾಳೆ. ಇಂಥಾ ಅಂಗಡಿ ಅದು. ನಿಮಗೆ ಹೇಗೆ ಮಾಡಿದ್ಲು ಆ ದಿನ? ಕಾಲು ಮುಟ್ಟಿ ನಮಸ್ಕಾರ ಮಾಡಿ, ಮೇಜು ತಾನೇ ಒರೆಸಿ, ನೀವು ಉಣ್ಣೂ ತನಕ ಶಾಲೆಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತಿದ್ಲು. ಮಾಲಿನಿ ಅಮ್ಮ ಹಸಿ ಮೀನು ಬೇಡ ಅಂತ ಸೌತೆಕಾಯಿ ಸುತ್ತಿದ್ದು ಮಾತ್ರ ತಿಂದ್ರು. ನೀವು ಮೊದಲನೇ ಬಂಗಡೆ ಬಾಯಿಗೆ ಇಟ್ಟು, ಕಣ್ಣು ಮುಚ್ಚಿ, ತಲೆ ಆಡಿಸಿದ್ರಿ...

ಎಂತ? ...ಹಾಂ, ನಾನು ಅಲ್ಲಿ ಇರಲಿಲ್ಲ. ಅರ್ಚಿತಾ ಹೇಳಿದ್ದು. ಮಂಗಳವಾರ ನಾನು ಇಡಗುಂಜಿ ಗಣಪತಿಯ ದೇವಸ್ಥಾನಕ್ಕೆ ಹೋಗ್ತೆ. ಆ ದಿನ ಮೀನು ಮುಟ್ಟೂದಿಲ್ಲ, ಅಂಗಡಿಯ ಕಡೆ ತಲೆ ಹಾಕೂದೂ ಇಲ್ಲ. ಊರಿಗೇ ಗೊತ್ತು.

ನಿಮ್ಮ ಹೊಟ್ಟೆಯಿಂದ ತೆಗೆದ ಆ ಹುಳ ನೋಡಿದೆ. ಸಿಸ್ಟರು ಶೀಶೆಯಲ್ಲಿ ತೋರಿಸಿದ್ರು. ದಾರದ ಎಳೆಯ ಹಾಗೆ. ಒಂದೇ ಅಂತೆ. ಹುಳ ಎಲ್ಲಿಲ್ಲ ಹೇಳಿ? ಬದನೆಕಾಯಲ್ಲಿ ಇಲ್ವಾ? ಹಲಸಿನ ಹಣ್ಣಲ್ಲಿ? ನಿಮ್ಮ ಹೊಟ್ಟೆಗೆ ಅದು ಯಾವ ದಾರಿಯಿಂದ ಹೋತು ಅಂತ ಅದರ ಮೈಮೇಲೆ ಬರೆದಿರೂದಿಲ್ಲ. ಬೆಳಿಗ್ಗೆ ಮನೇಲಿ ಎಂತ ತಿಂದಿದ್ರಿ? ...ದೋಸೆ ಇರಬೇಕು. ಚಟ್ನಿಗೆ ಸೊಪ್ಪು ಹಾಕಿದ್ರೋ ಎಂತೋ.

ಹಾಗೆ ನೋಡಬೇಡಿ. ನೀವು ಸುಳ್ಳು ಹೇಳಬೇಕು ಅಂತ ನಾನು ಕೇಳೂದಿಲ್ಲ. ನಿಮ್ಮಂಥವರ ಹತ್ರ ಕೇಳಿದ್ರೆ ನನ್ನ ನಾಲಗೆ ಬಿದ್ದುಹೋಗಲಿ. 'ಎಲ್ಲಿಂದ ಅಂತ ಹೇಳೂಕೆ ಆಗೂದಿಲ್ಲ' ಅಂದ್ರೆ ಸಾಕು. ಅದು ಸುಳ್ಳಲ್ಲ. ನಿಮಗೆ ಹೇಳೂಕೆ ಆಗೂದಿಲ್ಲವಲ್ಲ ಈಗ.

ಮತ್ತೆ ಅವಳ ಪದ್ಧತಿ ಕೇಳಿ. ಅವಳ ಹತ್ರ ಒಂದು ದೊಡ್ಡ ಪೆಟ್ಟಿಗೆ ಅದೆ, ಐಸಿಗಿಂತ ತಂಪು. ಹಸಿ ತಿನ್ನೂ ಮೀನು ಯಾವುದೇ ಇರಲಿ, ಎಷ್ಟೇ ಚಲೋ ಇರಲಿ, ಅದರಲ್ಲಿ ಒಂದು ವಾರ ಇಡ್ತಾಳೆ. ಒಂದು ವಾರ ಮಾಸ್ತರ್ರೆ! ಕಲ್ಲಾಗ್ತದೆ. ಆ ತಂಪಿಗೆ ಹುಳ ಸಾಯ್ತದಂತೆ. ಆ ಮೇಲೆ ತೆಗೆದು, ಉಪ್ಪು, ಹುಳಿ ಹಾಕಿ, ಆಮೇಲೆ ಕೊಯ್ಯೂದು. ಹಾಗಿದ್ದ ಮೇಲೆ ಅಲ್ಲಿಂದ ಹುಳ ಹೇಗೆ ಬರ್ತದೆ? ನೀವು ವಿಜ್ಞಾನದವರು, ನೀವೇ ಹೇಳಿ.

ನನಗೆ ಮಾತ್ರ ಆ ಪೆಟ್ಟಿಗೆ ಮೊದಲಿಂದ ಹಿಡಿಸಲಿಲ್ಲ. ಅದು ಬೇರೆ ವಿಷಯ. ಐಸ್ ಮೀನು ಅಂದ್ರೆ ಘಟ್ಟದ ಮೇಲಿನವರಿಗೆ, ಲಾರಿಗೆ. ಮನೆಗೆ ಬಂದವರಿಗೆ ನಾವು ಐಸ್ ಮೀನು ಬಡಿಸಿದವರಲ್ಲ. ನನ್ನ ಅಪ್ಪ ನೆಂಟರು ಬರೂ ದಿನ ಗಾಳಿ ಇದ್ರೂ ದೋಣಿ ಇಳಿಸ್ತಿದ್ದ. 'ಇಲ್ಲೇ ಕಣ್ಣೆದುರು ಸಮುದ್ರ ಇಟ್ಟುಕೊಂಡು, ವಾರದ ಹಿಂದಿನ ಹೆಣ ಕೊಡ್ತೀಯಲ್ಲ ಮಗಾ' ಅಂತ ನಾನು ಅಂದದ್ದು ಉಂಟು. ಅವಳು ನಗ್ತಾಳೆ. 'ಅಪ್ಪಾ, ಬೇಯಿಸೂದಾದ್ರೆ ನಿಂದು ಸರಿ, ಹಸಿ ಕೊಡೂದಾದ್ರೆ ನಂದು ಸರಿ' ಅಂತಾಳೆ. ನಗ್ತಾ ಹೇಳಿದ್ರೆ ಎಂತ ಮಾಡೂದು?

ಆದ್ರೂ ನೀವು ತಿಂದದ್ದು ಹಾಗಿರಲಿಲ್ಲ ಮಾಸ್ತರ್ರೆ, ಆ ಒಂದು ಸಮಾಧಾನ ಅದೆ. ಕಣ್ಣು ಗಾಜಿನ ಹಾಗೆ. ಕಿವಿರು ದಾಸವಾಳದ ಕೆಂಪು. ಬಲೆಯಿಂದ ತೆಗೆದ್ರೆ ಕೈಯಲ್ಲಿ ಕುಣೀತದೆ, ಬೆನ್ನು ಬೆರಳಿಂದ ಒತ್ತಿದ್ರೆ ತಿರುಗಿ ಏಳ್ತದೆ. ಅಂಥಾ ಬಂಗಡೆ ಈ ವರ್ಷ...

...ಎಂತ? ಯಾಕೆ ಎದ್ದು ಕೂತ್ರಿ?

ನಾನು ಹೇಳಿದ್ದು ಸಾಮಾನ್ಯ ಬಂಗಡೆಯ ಮಾತು. ದೀಪಾವಳಿ ಕಳೆದ ಮೇಲೆ ಬರೂ ಬಂಗಡೆ. ನಿಮ್ಮ ತಟ್ಟೆಯದ್ದು ಪೆಟ್ಟಿಗೆಯದ್ದೇ. ಅವಳೇ ಹಿಂದಿನ ದಿನ ತೆಗೆದು, ಕೆಳಗಿನ ಫ್ರಿಜ್ಜಿನಲ್ಲಿ ತಟ್ಟೆ ಮುಚ್ಚಿ ಇಟ್ಟದ್ದು. ಮಲಗಿ. ಮಲಗಿ ಅಂದೆ.

ಅವಳ ಸ್ಥಿತಿ ನೀವು ನೋಡಬೇಕಿತ್ತು. ಮಂಗಳವಾರ ರಾತ್ರೆ ಮಾಲಿನಿ ಅಮ್ಮನ ಫೋನ್ ಬಂದಾಗಿಂದ ಊಟ ಇಲ್ಲ. ಪೆಟ್ಟಿಗೆಯ ಬಾಗಿಲು ತೆಗೀತಾಳೆ, ಒಳಗೆ ತಂಪು ತೋರಿಸೂ ಮುಳ್ಳು ನೋಡ್ತಾಳೆ, ಮುಚ್ಚುತ್ತಾಳೆ. ಮತ್ತೆ ತೆಗೀತಾಳೆ. ರಿಪೇರಿಯವನನ್ನ ಕರೆಸಿದ್ಲು, ಅವನು ಎಲ್ಲಾ ಸರಿ ಅದೆ ಅಂದ. ಹಾಗಾದ್ರೆ ನನ್ನ ಕೈಯೇ ಸರಿ ಇಲ್ಲ ಅಂತಾಳೆ. ಉಪ್ಪು ಕಡಿಮೆ ಹಾಕಿದೆನಾ, ತಾರೀಕು ತಪ್ಪು ನೋಡಿದೆನಾ... ಒಂದೇ ಜಪ. 'ಕಲಿಸಿದವರಿಗೇ ವಿಷ ಹಾಕಿದೆ ಅಪ್ಪಾ, ಇನ್ನು ನಾನು ಯಾರಿಗೂ ಬಡಿಸೂದಿಲ್ಲ' ಅಂತ ಚಾಕುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ಲು. ಅಂಗಡಿಗೆ ಅವರು ಬೀಗ ಹಾಕೂದು ದೂರ ಉಳೀತು. ಅವಳೇ ಹಾಕ್ತಾಳೆ.

ನಾನು ಎಂತ ಹೇಳಿದೆ ಅಂತ ಕೇಳ್ತೀರಾ? ದೇವರ ಮೇಲೆ ಭಾರ ಹಾಕು ಅಂದೆ. ...ಮತ್ತೆಂತ ಹೇಳಲಿ?

ಯಾರು? ಓ, ಸಿಸ್ಟರಾ. ಬನ್ನಿ, ಬನ್ನಿ. ನಾನು ಮಾತಾಡಿಸಲಿಲ್ಲ, ಬೇಕಾದ್ರೆ ಅವರನ್ನೇ ಕೇಳಿ. ನಾನೊಬ್ಬನೇ ಮಾತಾಡ್ತಾ ಇದ್ದೆ. ...ಹೌದಾ? ಡಾಕ್ಟರು ಹೇಳಿದ್ರಾ? ನೀರು ಕುಡೀಬಹುದು. ಮಾತೂ ಆಡಬಹುದು. ಆತು, ಒಳ್ಳೇದಾತು. ನಾನು ಕುಡಿಸ್ತೆ, ನೀವು ಹೋಗಿ.

ನಿಧಾನ... ನಿಧಾನ. ಇನ್ನೊಂದು ಗುಟುಕು. ಸಾಕಾ?

ಈಗ ಮಾತಾಡಬಹುದಂತೆ ಮಾಸ್ತರ್ರೆ.

...

ನೋವಾಗ್ತದಾ? ...ಇಲ್ಲ ಅಂತೀರಿ. ಹಾಗಾದ್ರೆ ಮಾತಾಡಿ. ನಾಳೆ ಅವರ ಹತ್ರ ಎಂತ ಹೇಳ್ತೀರಿ? ಹೇಳಿದ್ರೆ ನಾನು ಎದ್ದು ಹೋಗ್ತೆ. ಬೈಯಿರಿ ಬೇಕಾದ್ರೆ. ದೋಸೆಯ ಮಾತು ನಾನು ಎತ್ತಬಾರದಿತ್ತು, ಅದಕ್ಕೆ ಬೈಯಿರಿ.

ಇಷ್ಟು ಹೊತ್ತು ನೀವು ಸುಮ್ಮನಿದ್ದದ್ದು ಡಾಕ್ಟರು ಹೇಳಿದ್ದಕ್ಕೆ ಅಂತ ನಾನು ತಿಳಕೊಂಡಿದ್ದೆ. ಈಗ ಯಾರು ಹೇಳಿದಾರೆ?

...ಮಾಸ್ತರ್ರೆ.

ಶಾಲೆಯಲ್ಲೂ ಹೀಗೇ ಅಂತೆ ನೀವು. ಅರ್ಚಿತಾ ಹೇಳ್ತಿದ್ಲು. ಹೊಡೀತಿರಲಿಲ್ಲ, ಬೈತಿರಲಿಲ್ಲ. ಎದುರಿಗೆ ನಿಲ್ಲಿಸಿಕೊಂಡು ಸುಮ್ಮನೆ ನೋಡ್ತಿದ್ರಂತೆ. ನಾನು ಕಲಿತದ್ದು ಟೊಂಕದ ಶಾಲೆಯಲ್ಲಿ, ಏಳನೇ ತನಕ. ಅಲ್ಲಿ ಕೋಲು ಇತ್ತು. ಅದು ಸುಲಭ ಇತ್ತು.

ಇಡಗುಂಜಿಗೆ ಹೋದದ್ದು ಸುಳ್ಳಲ್ಲ. ಹೋಗಿದ್ದೆ... ಆಮೇಲೆ ಹೋದೆ.

ಬೆಳಕು ಹರಿಯೂ ಹೊತ್ತಿಗೆ ಬೋಟು ಬಂತು. ನನ್ನ ತಮ್ಮನ ಮಗ ಸಣ್ಣನ ಬೋಟು. ಬುಟ್ಟಿಯಲ್ಲಿ ಬಂಗಡೆ ಇನ್ನೂ ಬಡೀತಾ ಇದ್ವು. ನನಗೆ ನಿಮ್ಮ ನೆನಪಾತು. ಮಗಳಿಗೆ ಅಕ್ಷರ ಹೇಳಿಕೊಟ್ಟವರು ಮೊದಲ ಸಲ ಉಣ್ಣೂಕೆ ಬರ್ತಾರೆ, ಅವರ ತಟ್ಟೆಗೆ ಐಸ್ ಮೀನು ಹಾಕೂದು ಹೇಗೆ? ಎರಡು ತಕ್ಕೊಂಡೆ. ಮಂಗಳವಾರ. ಮೀನು ಮುಟ್ಟಿದೆ. ಅಂಗಡಿಯ ಹಿಂದಿನ ಬಾಗಿಲ ಕೀಲಿ ನನ್ನ ಹತ್ರ ಇರ್ತದೆ. ಅವಳು ಮಾಡೂದು ದಿನಾ ನೋಡ್ತೆನಲ್ಲ, ಅವಳ ಹಾಗೇ ಸೀಳಿ, ಮುಳ್ಳು ತೆಗೆದು, ಉಪ್ಪು, ಹುಳಿ ಹಾಕಿ, ಫ್ರಿಜ್ಜಿನ ಆ ತಟ್ಟೆಯಲ್ಲೇ ಇಟ್ಟೆ. ಅವಳದ್ದನ್ನ ತೆಗೆದು ಮನೆಗೆ ಕಳಿಸಿದೆ. ಗಣಪಿ ಸಾರು ಮಾಡಿದ್ಲು. ಬುಧವಾರ ನಾನೂ ಉಂಡೆ. ಎಂತ ಆಗಲಿಲ್ಲ ನನಗೆ. ಒಂದು ತೇಗು ಕೂಡ ಬರಲಿಲ್ಲ.

ಅರ್ಚಿತಾ ಆ ಬಂಗಡೆ ಕೊಯ್ದವಳು, 'ಇವತ್ತು ನನ್ನ ಕೈ ಚಲೋ ಕೂತದೆ' ಅಂತ ತನ್ನಷ್ಟಕ್ಕೇ ಅಂದ್ಲು. ನಾನು ಅವಳಿಗೆ ಕಾಣದ ಹಾಗೆ ಕಿಟಕಿಯಿಂದ ನೋಡ್ತಿದ್ದೆ. ನೀವು ತಲೆ ಆಡಿಸಿದ್ದನ್ನ ನಾನೇ ನೋಡಿದ್ದು. ನೋಡಿಯೇ ಇಡಗುಂಜಿಗೆ ಹೋದದ್ದು. ಇಷ್ಟು ಸಂತೋಷದಿಂದ ನಾನು ಎಂದೂ ಗಣಪತಿಗೆ ಕೈ ಮುಗಿದವನಲ್ಲ.

ತಪ್ಪು ಮಾಡಿದ್ದು ನಾನು, ದೇವರು ಹುಳ ಕೊಟ್ಟದ್ದು ನಿಮಗೆ. ಈ ಲೆಕ್ಕ ನನಗೆ ತಿಳೀಲಿಲ್ಲ.

ನಾಳೆ ಅವರಿಗೆ ನನ್ನ ಹೆಸರು ಹೇಳಿ. ರಮಾನಂದ, ಟೊಂಕ. ನಾನೇ ಇಲ್ಲಿ ಬಂದು ಬಾಗಿಲಲ್ಲಿ ಕೂತಿರ್ತೆ. ಆತಲ್ಲ? ...ಮತ್ತೆ ಯಾಕೆ ಸುಮ್ಮನೆ? ಆಫೀಸಿನವರಿಗೆ ಹೇಳ್ತೆ ಅಂದೆನಲ್ಲ! ಇನ್ನು ಯಾರಿಗೆ...

ಅರ್ಚಿತಾಳಿಗೆ ಹೇಳೂದೊಂದು ಬೇಡ ಮಾಸ್ತರ್ರೆ. ಅವಳು ನನ್ನನ್ನ ಎಂತ ಅಂತ ತಿಳೀತಾಳೆ? ಎರಡು ದಿನ ಎದುರಿಗೆ ಕೂತು ಅವಳು ತನ್ನ ಕೈ ತಿರುಗಿಸಿ ತಿರುಗಿಸಿ ನೋಡೂದನ್ನ ನೋಡಿದವನು ನಾನು. ಗಂಜಿ ಕುಡಿ ಮಗಾ ಅಂತ ಬೇರೆ ಹೇಳಿದವನು.

...

ನಿಮ್ಮ ಫೋನ್ ಕೊಡ್ತೀರಾ? ಬೇಡ, ನನ್ನದೇ ಅದೆ. ಎಲ್ಲಿ... ಹಾಂ.

ರಿಂಗ್ ಆಗ್ತದೆ.

ನೀವು ಈ ಕಡೆ ನೋಡಬೇಡಿ. ಗೋಡೆ ನೋಡಿ.

ಹಲೋ... ಹೌದು, ನಾನೇ. ಕುಮಟೆಯಲ್ಲಿ, ಮಾಸ್ತರ ಹತ್ರ. ಚಲೋ ಇದಾರೆ, ನೀರು ಕುಡಿದ್ರು. ಅಳಬೇಡ. ಅಳೂದು ಬಿಟ್ಟು ಕೇಳು... ಅರ್ಚಿತಾ, ಮಾಸ್ತರು ತಿಂದ ಬಂಗಡೆ ನಿಂದಲ್ಲ ಮಗಾ. ನಂದು.