ಕಸ ಎಂಬ ಫೋಲ್ಡರ್

ರಾತ್ರಿ ಹನ್ನೊಂದೂವರೆ ಇರಬಹುದು. ನನ್ನ ಚಿಕ್ಕಪ್ಪನ ಮಗ ಸ್ಟುಡಿಯೋಗೆ ಬೀಗ ಹಾಕಿ ಮನೆಗೆ ಹೊರಟಿದ್ದ. ಅವನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವನು. ಬೀದಿಯವರೆಲ್ಲ ಅವನನ್ನು ಕತ್ತರಿ ಅಂತ ಕರೆಯುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಸ್ಟುಡಿಯೋ ಅಂದರೆ ದೊಡ್ಡದೇನಲ್ಲ, ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಒಂದೇ ಕೋಣೆ. ಅಲ್ಲಿಂದ ಮನೆಗೆ ಹತ್ತು ನಿಮಿಷದ ದಾರಿ. ನಡುವೆ ಒಂದು ಹಳೇ ಬಾವಿ. ಮಕ್ಕಳು ಬೀಳಬಾರದು ಅಂತ ಅದಕ್ಕೆ ಕಬ್ಬಿಣದ ಜಾಲರಿ ಮುಚ್ಚಿ ಬೀಗ ಹಾಕಿದ್ದಾರೆ. ಆ ಬೀಗ ಹಾಕಿದವರು ಬೀಗದಣ್ಣ. ಕತೆ ಅವರದ್ದೇ ಆದ್ದರಿಂದ ಮೊದಲೇ ಹೇಳಿದೆ.

ಬಾವಿ ದಾಟುವಾಗ ಶಬ್ದ ಕೇಳಿಸಿತು. ಮೊದಲು ಒಂದು ದಪ್ಪ 'ಠಣ್'... ಅದರ ಬೆನ್ನಿಗೇ ಸಣ್ಣದಾಗಿ 'ಚಿಲಿಚಿಲಿ'. ಒಂದು ದೊಡ್ಡ ಕೀ, ಹತ್ತಾರು ಸಣ್ಣ ಕೀಗಳು ಒಂದೇ ಬಳೆಯಲ್ಲಿ ಅಲುಗಾಡಿದರೆ ಆಗುವ ಶಬ್ದ. ಕತ್ತರಿ ನಿಂತ. ಶಬ್ದವೂ ನಿಂತಿತು. ಹೆಜ್ಜೆ ಇಟ್ಟ... ಠಣ್. ಚಿಲಿಚಿಲಿ.

ಆ ಶಬ್ದ ಅವನಿಗೆ ಗೊತ್ತು. ಬೀದಿಗೆಲ್ಲ ಗೊತ್ತು. ಬೀಗದಣ್ಣ ಬೀಗ ರಿಪೇರಿ ಮಾಡುತ್ತಿದ್ದವರು, ಸೊಂಟದಲ್ಲಿ ಯಾವಾಗಲೂ ಕೀಗೊಂಚಲು. ಅದರಲ್ಲಿನ ದೊಡ್ಡ ಕೀ ಇದೇ ಬಾವಿಯದು. ಅವರು ಬರುವುದಕ್ಕೆ ಮುಂಚೆ ಆ ಗೊಂಚಲಿನ ಸದ್ದು ಬರುತ್ತಿತ್ತು. ಆದರೆ ಬೀಗದಣ್ಣ ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು. ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲ.

ಕತ್ತರಿ ಓಡಲಿಲ್ಲ. ಓಡಿದರೆ ತಪ್ಪು ಒಪ್ಪಿಕೊಂಡ ಹಾಗೆ ಅನ್ನಿಸಿತಂತೆ. ಯಾವ ತಪ್ಪು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೀಗದಣ್ಣನ ಹೆಂಡತಿ ಟೈಲರಕ್ಕ. ಬಾವಿಯ ಪಕ್ಕದ ಮನೆಯಲ್ಲೇ ಅವರ ಹೊಲಿಗೆ ಮೆಷಿನ್. ಹಿಂದಿನ ವರ್ಷ ಟೈಲರಕ್ಕನ ತಂಗಿಯ ಮದುವೆಗೆ ವಿಡಿಯೋ ಮಾಡಿದ್ದು ಕತ್ತರಿಯೇ. ಮದುಮಕ್ಕಳಿಗೆ ಎರಡು ಮಾತು ಹೇಳಿ ಅಂತ ಬೀಗದಣ್ಣನ ಮುಂದೆ ಕ್ಯಾಮೆರಾ ಹಿಡಿದರೆ, ಅವರು ಅರ್ಧ ಹೇಳಿ, ತೊದಲಿ, ನಕ್ಕು, "ಇರು ಇರು, ಇನ್ನೊಂದ್ಸಲ ಹೇಳ್ತೀನಿ" ಅಂದರು. ಹೀಗೇ ಆರು ಸಲ. ಒಂದೂ ಪೂರ್ತಿಯಾಗಲಿಲ್ಲ. ಆ ನಾಲ್ಕು ನಿಮಿಷವನ್ನೂ ಕತ್ತರಿ ವಿಡಿಯೋದಿಂದ ತೆಗೆದ. ಹೀಗೆ ತೆಗೆದ ತುಂಡುಗಳನ್ನು ಅವನು ಅಳಿಸುವುದಿಲ್ಲ, ಒಂದು ಫೋಲ್ಡರಿಗೆ ಹಾಕಿಡುತ್ತಾನೆ. ಅದಕ್ಕೆ ಅವನಿಟ್ಟ ಹೆಸರು 'ಕಸ'.

ಬೀಗದಣ್ಣ ಹೋದ ಮೇಲೆ ಒಂದು ದಿನ ಟೈಲರಕ್ಕ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು.

"ಫೋಟೋ ಬೇಕಾದಷ್ಟಿವೆ ಕಣಪ್ಪ. ಅವರ ದನಿ ಎಲ್ಲೂ ಇಲ್ಲ. ಅವತ್ತು ಮದುವೇಲಿ ಏನೋ ಮಾತಾಡಿದ್ರಲ್ಲ... ಅದು ಇದ್ಯಾ?"

"ಇದೆ ಅಕ್ಕ. ಹುಡುಕಿ ನಾಳೆ ಕೊಡ್ತೀನಿ."

ಹುಡುಕುವಂಥದ್ದೇನೂ ಇರಲಿಲ್ಲ. ಪೆನ್‌ಡ್ರೈವಿಗೆ ಹಾಕಲು ಎರಡು ನಿಮಿಷ ಸಾಕು. ಕೈಯಲ್ಲಿ ಕೆಲಸ ಇತ್ತು, ನಾಳೆ ಅಂದ, ಅಷ್ಟೆ. ಮುಂದಿನ ವಾರ ಕೇಳಿದರು, ಆಗಲೂ ನಾಳೆ. ಮೂರನೇ ಸಲವೂ ನಾಳೆ.

ಅಷ್ಟರಲ್ಲಿ ಕಂಪ್ಯೂಟರ್ ಕೈಕೊಡಲು ಶುರುವಾಯಿತು. ಒಂಬತ್ತು ವರ್ಷದ್ದು. ಹೊಸ ಕ್ಯಾಮೆರಾದ ವಿಡಿಯೋ ಹಾಕಿದರೆ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು. ಮದುಮಗಳು ತಲೆ ಎತ್ತಲು ಶುರು ಮಾಡಿದರೆ, ಪೂರ್ತಿ ಎತ್ತುವಷ್ಟರಲ್ಲಿ ಇವನು ಕೆಳಗಿಳಿದು ಟೀ ಕುಡಿದು ಬರಬಹುದಿತ್ತು. ಹೊಸದು ಕೊಳ್ಳುವ ಬದಲು ಇದನ್ನೇ ಸುಧಾರಿಸೋಣ ಅಂತ ಬಿಡಿಭಾಗ ಮಾರುವವನನ್ನು ಕರೆಸಿದ.

"ತಾತನಿಗೆ ಹಲ್ಲುಸೆಟ್ ಕಟ್ಟಿಸಿದ್ರೆ ಕಬ್ಬೂ ಅಗೀತಾನೆ," ಅಂದ ಅವನು, ಕಂಪ್ಯೂಟರ್ ಡಬ್ಬಿ ಬಿಚ್ಚಿ ಧೂಳು ಊದುತ್ತಾ.

ಎಂಟು ಜಿಬಿ ಇದ್ದ ರ‍್ಯಾಮ್ ಮೂವತ್ತೆರಡಾಯಿತು. ಗ್ರಾಫಿಕ್ಸ್ ಕಾರ್ಡ್ ಬಂತು, ಅದಕ್ಕೆ ಕರೆಂಟ್ ಸಾಲದು ಅಂತ ದೊಡ್ಡ ಪವರ್ ಸಪ್ಲೈಯೂ ಬಂತು. ಕೆಲಸ ನಡೆಯುವ ಜಾಗಕ್ಕೆ ಹಳೇ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ. ಅದರೊಳಗೆ ತಿರುಗುವಂಥದ್ದೇನೂ ಇಲ್ಲ, ಸದ್ದೇ ಮಾಡುವುದಿಲ್ಲ, ವೇಗ ಹೆಚ್ಚು. ಆದರೆ ಜಾಗ ಹಳೆಯದರ ಅರ್ಧ.

"ಹಳೇ ಡಿಸ್ಕ್ ಬಿಸಾಕೋದೇನು ಬೇಡ. ಇರೋದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿ ಒಳಗೇ ಬಿಡ್ತೀನಿ, ಮುಗಿದ ವಿಡಿಯೋ ತುಂಬಿಡೋಕಾಗುತ್ತೆ. ಬೇಕಾದ್ದೆಲ್ಲ ಕಾಪಿ ಮಾಡ್ಕೊಂಡ್ರಾ?"

ಕತ್ತರಿ ಪಟ್ಟಿ ನೋಡಿದ. ಎಲ್ಲ ಕಾಪಿಯಾಗಿತ್ತು, ಕೊನೆಯ ಫೋಲ್ಡರ್ ಒಂದು ಬಿಟ್ಟು. ಹೊಸದರಲ್ಲಿ ಜಾಗ ಮುಗಿದಿತ್ತು. ಹೆಸರು ನೋಡಿದ. ಕಸ ತಾನೇ.

"ಆಯ್ತು, ಮಾಡಿ," ಅಂದ.

ಅಕ್ಕ ನಾಲ್ಕನೇ ಸಲ ಬಂದಾಗಲೇ ಅವನಿಗೆ ನೆನಪಾದದ್ದು. ಅಷ್ಟರಲ್ಲಿ ಆ ಡಿಸ್ಕಿನ ತುಂಬ ಬೇರೆ ಮದುವೆಗಳು ಬಂದು ಕೂತಿದ್ದವು. ಫಾರ್ಮ್ಯಾಟ್ ಮಾಡಿದ್ದನ್ನು ಕೆಲವು ಸಲ ವಾಪಸ್ ತೆಗೆಯಬಹುದು. ಅದರ ಮೇಲೆ ಬೇರೆಯದನ್ನು ಬರೆದುಬಿಟ್ಟರೆ ಆಗುವುದಿಲ್ಲ. ಕತ್ತರಿಗೆ ಇದು ಚೆನ್ನಾಗಿ ಗೊತ್ತಿತ್ತು.

"ಡಿಸ್ಕ್ ಕೆಟ್ಟೋಯ್ತು ಅಕ್ಕ," ಅಂದ. "ತಾನಾಗೇ."

ಅಕ್ಕ ಅವನ ಭುಜ ಮುಟ್ಟಿ, "ಪಾಪ, ನಿಂದೂ ಎಷ್ಟು ಕೆಲ್ಸ ಹೋಯ್ತೋ ಏನೋ" ಅಂದು ಇಳಿದು ಹೋದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಂತ ಅವನು ನನಗೆ ಹೇಳಿದ. ಅವರು ಮುಟ್ಟಿದ ಆ ಭುಜ ಇವತ್ತಿಗೂ ಭಾರವಂತೆ.

ಬಾವಿಯ ಹತ್ತಿರ ಕೀಗೊಂಚಲು ಕೇಳಿಸಿದ್ದು ಅದೇ ರಾತ್ರಿ.

ಮರುದಿನ ರಾತ್ರಿ ಕೆಲಸ ಮುಗಿಸಿ ಕಂಪ್ಯೂಟರ್ ಆರಿಸಿದ. ಗೋಡೆಯಿಂದ ಪ್ಲಗ್ ಕೂಡ ಕಿತ್ತ, ಅದು ಅವನ ಅಭ್ಯಾಸ. ಚಪ್ಪಲಿ ಹಾಕಿಕೊಳ್ಳುವಾಗ ಡಬ್ಬಿಯೊಳಗಿಂದ...

ಟಿಕ್... ಟಿಕ್... ಗರ್‌ರ್.

ಹಳೇ ಡಿಸ್ಕ್ ಏನನ್ನೋ ಹುಡುಕುವಾಗ ಮಾಡುವ ಸದ್ದು ಅದು. ಅವನು ಡಬ್ಬಿಯ ಮುಚ್ಚಳ ತೆಗೆದ. ಡಿಸ್ಕಿನ ಎರಡೂ ವೈರ್ ಎಳೆದು ಹಾಕಿದ. ಡಿಸ್ಕನ್ನೇ ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಟಿಕ್... ಟಿಕ್... ನಿಲ್ಲಲಿಲ್ಲ. ಜ್ವರ ಬಂದವರ ಹಣೆ ಹೇಗೆ ಸುಡುತ್ತದೋ ಹಾಗೆ ಸುಡುತ್ತಿತ್ತು. ಆಮೇಲೆ ಆರಿಸಿದ್ದ ಸ್ಪೀಕರಿನಿಂದ, ಬಾಯಿಗೆ ಬಟ್ಟೆ ಹಿಡಿದು ಮಾತಾಡಿದ ಹಾಗೆ...

"ಇರು ಇರು... ಇನ್ನೊಂದ್ಸಲ..."

"ಅಣ್ಣ," ಅಂದ ಕತ್ತರಿ, ಪಿಸುದನಿಯಲ್ಲಿ. "ತಪ್ಪಾಯ್ತಣ್ಣ. ಅಕ್ಕನಿಗೆ ನಿಜ ಹೇಳ್ತೀನಿ. ನಾಳೆ..."

ನಾಳೆ ಅಂದದ್ದೇ ತಡ, ಬಾಗಿಲಾಚೆ ಮೆಟ್ಟಿಲ ಮೇಲೆ... ಠಣ್. ಚಿಲಿಚಿಲಿ. ಒಂದು ಮೆಟ್ಟಿಲು. ಇನ್ನೊಂದು. ಇನ್ನೊಂದು.

"ಈಗ್ಲೇ ಹೇಳ್ತೀನಿ... ಈಗ್ಲೇ."

ನಿಂತಿತು. ಡಿಸ್ಕೂ ನಿಂತಿತು.

ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಯಾರೂ ಇಲ್ಲ. ಡಿಸ್ಕನ್ನು ಕೈಯಲ್ಲೇ ಹಿಡಿದು ಹೊರಟ. ಬಾವಿಯ ಹತ್ತಿರ ಏನೂ ಕೇಳಿಸಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತಂತೆ. ಟೈಲರಕ್ಕನ ಮನೆಯಲ್ಲಿ ದೀಪ ಇತ್ತು. ತುರ್ತಿನ ಬಟ್ಟೆ ಏನೋ, ಮೆಷಿನ್ ಟಕಟಕ ಅನ್ನುತ್ತಿತ್ತು.

"ಏನೋ ಇಷ್ಟೊತ್ನಲ್ಲಿ? ಮುಖ ಯಾಕೆ ಹಾಗಾಗಿದೆ?"

"ಅಕ್ಕ... ಡಿಸ್ಕ್ ಕೆಟ್ಟಿರ್ಲಿಲ್ಲ. ನಾನೇ ಅಳಿಸ್ಬಿಟ್ಟೆ."

ಎಲ್ಲ ಹೇಳಿದ. ಫೋಲ್ಡರಿನ ಹೆಸರನ್ನೂ ಹೇಳಿದ. ಅದನ್ನು ಹೇಳದಿದ್ದರೂ ನಡೆಯುತ್ತಿತ್ತು, ಬಾಯಿ ನಿಲ್ಲಲಿಲ್ಲ. ಮೆಷಿನ್ ನಿಂತಿತು.

"ಕಸ ಅಂತ ಇಟ್ಟಿದ್ಯಾ?"

"ಎಲ್ಲರ ತುಂಡುಗಳನ್ನೂ ಹಾಗೇ ಅಕ್ಕ..."

"ಎಲ್ಲರ ವಿಷ್ಯ ನಾನು ಕೇಳ್ಲಿಲ್ಲ."

ಅಕ್ಕ ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತಾ ಹೇಳಿದರು. "ತಾನಾಗೇ ಕೆಟ್ಟೋಯ್ತು ಅಂದಾಗ, ಹೋಗ್ಲಿ ಅಂತ ಸುಮ್ನಾಗಿದ್ದೆ. ಈಗ ಸುಮ್ನಿರೋಕೆ ಆಗ್ತಿಲ್ಲ ನೋಡು." ಆಮೇಲೆ ಕೈ ಚಾಚಿದರು. "ಕೊಡು ಅದನ್ನ."

"ಇದ್ರಲ್ಲಿ ಏನೂ ಇಲ್ಲ ಅಕ್ಕ. ಬೇರೆಯವರ ಮದುವೆ ಅಷ್ಟೆ."

"ಇರ್ಲಿ. ಅವರು ಇದ್ದ ಜಾಗ ತಾನೇ."

ಮೆಷಿನ್ನಿನ ಡ್ರಾಯರ್ ಎಳೆದರು. ಒಳಗೆ ಬೀಗದಣ್ಣನ ಕೀಗೊಂಚಲು ಇತ್ತು. ಡಿಸ್ಕನ್ನು ಅದರ ಪಕ್ಕ ಇಟ್ಟು ಡ್ರಾಯರ್ ಮುಚ್ಚಿದರು. ಹೋಗು ಅಂತಲೂ ಅನ್ನಲಿಲ್ಲ, ಕೂರು ಅಂತಲೂ ಅನ್ನಲಿಲ್ಲ.

ಇದಾಗಿ ಎರಡು ವರ್ಷ. ಕತ್ತರಿ ಈಗ ಯಾರ ತುಂಡಿಗೂ ಕಸ ಅನ್ನುವುದಿಲ್ಲ. ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಫೋಲ್ಡರ್ ಇಟ್ಟಿದ್ದಾನೆ. ಅಕ್ಕ ಅವನನ್ನು ಮಾತಾಡಿಸುತ್ತಾರೆ, ಆದರೆ 'ಕಣಪ್ಪ' ಅನ್ನುವುದನ್ನು ಬಿಟ್ಟಿದ್ದಾರೆ.

ಇಲ್ಲಿಯವರೆಗಿನದು ಅವನು ಹೇಳಿದ್ದು. ನೀವು ನಂಬದಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಮುಂದಿನದನ್ನು ನಾನೇ ಕಂಡಿದ್ದೇನೆ. ಹೋದ ಚಳಿಗಾಲ ಬೆಳಿಗ್ಗೆ ಏಳಕ್ಕೆ ಪ್ಯಾಂಟ್ ಉದ್ದ ಕಡಿಮೆ ಮಾಡಿಸಲು ಅಕ್ಕನ ಮನೆಗೆ ಹೋಗಿದ್ದೆ. ಗುರುತು ಹಾಕುವ ಚಾಕ್ ಡ್ರಾಯರಿನಲ್ಲಿದೆ, ತೆಗೆದುಕೊಡು ಅಂದರು. ಮೆಷಿನ್ ಇನ್ನೂ ಶುರುವಾಗಿರಲಿಲ್ಲ. ಇಸ್ತ್ರಿಪೆಟ್ಟಿಗೆ ಒಳಕೋಣೆಯಲ್ಲಿತ್ತು, ಆಮೇಲೆ ಅದನ್ನೂ ಬಗ್ಗಿ ನೋಡಿಕೊಂಡೆ. ಡ್ರಾಯರಿನಲ್ಲಿ ದಾರದ ಉಂಡೆ, ಚಾಕ್, ಕೀಗೊಂಚಲು, ಆ ಡಿಸ್ಕ್. ವೈರ್ ಅನ್ನುವುದು ಒಂದೂ ಇಲ್ಲ. ಇದೇ ಬಲಗೈಯಿಂದ ಎಲ್ಲವನ್ನೂ ಮುಟ್ಟಿದೆ, ಸುಳ್ಳು ಹೇಳಿ ನನಗೇನಾಗಬೇಕು. ಕೀಗಳು ತಣ್ಣಗಿದ್ದವು. ಡಿಸ್ಕ್ ಬೆಚ್ಚಗಿತ್ತು.