ಹೀರೋ ತಾಯಿ

...ಯಾವುದು, 'ಏಳನೇ ಕ್ರಾಸ್ ಕೊನೇ ಮನೆ'ನಾ? ಅಯ್ಯೋ, ಅದಕ್ಕೆ ಮಾತ್ರ ಹೋಗ್ಬೇಡ ಕಣೇ ಚೇತನಾ! ತಲೆಕೆಟ್ಟಿದ್ಯಾ ನಿನಗೆ? ಭಾನುವಾರ ಒಂದು ಮಧ್ಯಾಹ್ನ ಪಾರ್ಲರ್ ಬಾಗಿಲು ಹಾಕ್ತೀಯ. ನಿನ್ನ ಗಂಡ ಹನುಮೇಶ ವಾರವೆಲ್ಲ ಊರೋರ ಊಟ ಬೆನ್ನಿಗೆ ಹಾಕ್ಕೊಂಡು ಗಾಡಿ ಓಡಿಸಿ, ಹೇಗೋ ಒಂದಿನ ಪುರುಸೊತ್ತು ಮಾಡ್ಕೊಂಡಿರ್ತಾನೆ. ಅದನ್ನ ತಗೊಂಡ್ಹೋಗಿ ಆ ದರಿದ್ರ ಸಿನಿಮಾಗೆ ಸುರೀತೀರಾ?

ಹ್ಞೂಂ, ಹಿಡ್ಕೊಂಡಿದೀನಮ್ಮ. ರೆಪ್ಪೆ ಎಳೆದು ಹಿಡ್ಕೊಂಡೇ ಇದೀನಿ. ನೀನು ಹುಟ್ಟೋಕೆ ಮುಂಚಿಂದ ಹುಬ್ಬು ಮಾಡಿಸ್ಕೊಳ್ತಾ ಇದೀನಿ, ನನಗೆ ಹೇಳ್ಕೊಡಬೇಡ. ನೀನು ದಾರ ಕಚ್ಚು. ಬಾಯಲ್ಲಿ ದಾರ ಇರೋಷ್ಟು ಹೊತ್ತು ನಿನ್ನ ಮಾತಿರಲ್ಲ, ಅದಕ್ಕೇ ನಾನು ಇಲ್ಲಿಗೆ ಬರೋದು. ಮನೇಲಂತೂ ಬೆಳಗಾದ್ರೆ ಅಮ್ಮಾ ಅಮ್ಮಾ ಅಂತ ಕಿವಿ ತಿಂತಾರೆ. ಮಗ ಒಂದು ಕಡೆಯಿಂದ, ಸೊಸೆ ಒಂದು ಕಡೆಯಿಂದ. ಒಂದು ಗಳಿಗೆ ನೆಮ್ಮದಿ ಇಲ್ಲ.

ಆಂ? ಮೇಲ್ತುಟಿನಾ? ಬೇಡ ಬೇಡ, ಎರಡು ಹುಬ್ಬು ಅಷ್ಟೇ. ಮೇಲ್ತುಟಿ ಎಳೆದ್ರೆ ಪ್ರಾಣ ಹೋಗತ್ತೆ, ಕಣ್ಣಲ್ಲಿ ನೀರು ಸುರಿಯತ್ತೆ. ನಿನ್ನ ಮುಂದೆ ಅಳ್ತಾ ಕೂತ್ಕೊಳ್ಳೋಕೆ ನಾನೇನು ಸೀರಿಯಲ್ ಸೊಸೆನಾ? ಬಸವೇಶ್ವರನಗರದ ಜಯದೇವಿ ಕಣೇ ನಾನು!

ಹ್ಞಾಂ, ಸಿನಿಮಾ. ನೋಡಲೇಬೇಕು ಅಂತಿದ್ರೆ ಆ ಗಡ್ಡದವನದ್ದಕ್ಕೆ ಹೋಗಿ, ಎಲ್ಲರೂ ಅದನ್ನೇ ನೋಡಿ ನೋಡಿ ಅಂತಿದಾರೆ. ಚೆನ್ನಾಗಿದೆ ಅಂತ ಹೇಳ್ತಿಲ್ಲ ಮತ್ತೆ! ಏನಿದೆ ಅದರಲ್ಲಿ? ಕತ್ತಲೆ. ಶುರುವಿಂದ ಕೊನೇತನಕ ಕತ್ತಲೆ. ಅವರ ಮನೆಯಲ್ಲಿ ಲೈಟ್ ಬಿಲ್ ಕಟ್ಟಲ್ವೋ ಏನೋ. ಆ ಕತ್ತಲಲ್ಲಿ ಹೀರೋ ನಡ್ಕೊಂಡು ಬರ್ತಾನೆ... ಬರ್ತಾನೆ... ಬರ್ತಾನೇ ಇದಾನೆ! ಅವನು ಬಾಗಿಲಿಂದ ಕುರ್ಚಿಗೆ ಬರೋಷ್ಟರಲ್ಲಿ ನಾನು ಒಂದು ಮೊರ ಅಕ್ಕಿ ಆರಿಸಿ ಎತ್ತಿಡ್ತೀನಿ. ಕೂತ ಮೇಲಾದ್ರೂ ಮಾತಾಡ್ತಾನಾ? ಸಿಗರೇಟು ಹಚ್ತಾನೆ. ಪಕ್ಕದ ಸೀಟಿನ ಹುಡುಗರೆಲ್ಲ ಎದ್ದು ನಿಂತು ಕೂಗಾಡಿದ್ರು. ಸಿಗರೇಟು ಹಚ್ಚಿದ್ದಕ್ಕೆ! ನಮ್ಮ ಬೀದಿ ಕೊನೇಲಿ ಇಸ್ತ್ರಿ ಅಂಗಡಿಯವನು ದಿನಕ್ಕೆ ಎಷ್ಟು ಸೇದ್ತಾನೋ, ಯಾರಾದ್ರೂ ಒಂದು ಶಿಳ್ಳೆ ಹೊಡೆದಿದಾರಾ?

ನಗಬೇಡ, ದಾರ ಅಲ್ಲಾಡತ್ತೆ. ಹುಬ್ಬು ಒಂದು ಕಡೆ ಮೇಲೆ ಹೋದ್ರೆ ನಿನ್ನ ಬಿಡಲ್ಲ.

ಇನ್ನೊಂದಿದೆ, ದೆವ್ವದ್ದು. ಬಾವಿಯಿಂದ ಎದ್ದು ಬರತ್ತಂತೆ. ಬಂತು. ನೋಡ್ತೀನಿ, ದೆವ್ವಕ್ಕೆ ಹುಬ್ಬು ಎಷ್ಟು ನೀಟಾಗಿ ತೀಡಿದಾರೆ ಅಂತೀಯ! ಸತ್ತು ನೂರು ವರ್ಷ ಆಗಿದ್ಯಂತೆ, ಬಾವಿಯೊಳಗೆ ಯಾವಳೇ ಪಾರ್ಲರ್ ಇಟ್ಟಿದ್ದು? ನಾನು ಜೋರಾಗಿ ನಕ್ಕುಬಿಟ್ಟೆ, ಮುಂದಿನ ಸಾಲಲ್ಲಿ ಕೂತಿದ್ದ ಹುಡುಗಿ ತಿರುಗಿ ಗುರಾಯಿಸಿದ್ಲು. ಅವಳ ಕೈಯಲ್ಲಿ ಪಾಪ್‌ಕಾರ್ನು. ಆ ಮಾಲ್‌ಗಳಲ್ಲಿ ಕೊಡೋ ಬಕೆಟ್ ನೋಡಿದೀಯಾ? ಅಷ್ಟು ದೊಡ್ಡದರಲ್ಲಿ ನಮ್ಮ ಕಡೆ ಎಮ್ಮೆಗೆ ಕಲಗಚ್ಚು ಇಡ್ತಾರೆ. ದಾವಣಗೆರೆಯವಳು ನಾನು, ಮಂಡಕ್ಕಿ ತಿಂದು ಬೆಳೆದೋಳು. ಆ ಬೆಂಡಿನಂಥಾದ್ದನ್ನ ಮುಟ್ಟೂ ನೋಡಲ್ಲ.

ಆಯ್ತಾ ಈ ಕಡೆ? ಪೌಡರ್ ಹಾಕು ಸ್ವಲ್ಪ, ಉರೀತಿದೆ.

ಮನೇಲೇ ನೋಡಬಹುದಲ್ಲಾ ಅಂತೀಯಾ? ಅದಕ್ಕೂ ನಮ್ಮ ಸೊಸೆ ಅನಘಾ ಇದಾಳಲ್ಲ, ಅವಳು ಹೇಳಿದ್ದು ನೋಡಿದ್ರೆ ಮುಗೀತು. 'ಅತ್ತೆ, ಇದು ನಿಧಾನಕ್ಕೆ ಹಿಡಿಸತ್ತೆ, ಪೇಷನ್ಸ್ ಇಟ್ಕೊಂಡು ನೋಡಿ' ಅಂತ ಹಾಕ್ಕೊಟ್ಟು ಮೇಲೆ ಹೋದ್ಲು. ಯಾವುದೋ ದೇಶದ ಮುದುಕ, ಕಿಟಕಿ ಹತ್ರ ಕೂತು ಕಿತ್ತಳೆ ಹಣ್ಣು ಸುಲೀತಾನೆ. ಸುಲಿದ. ತಿಂದ. ಬೀಜ ಉಗಿದ. ನನಗೆ ಒಂದು ನಿದ್ದೆ ಆಗಿ ಎಚ್ಚರಾಯ್ತು, ಇನ್ನೊಂದು ಹಣ್ಣು ಸುಲೀತಾ ಇದಾನೆ! ಅದಕ್ಕೆ ಅವಾರ್ಡ್ ಬೇರೆ ಬಂದಿದೆಯಂತೆ. ಹಣ್ಣಿಗೆ ಬಂದಿರಬೇಕು.

ಸಿನಿಮಾ ಬಿಟ್ಟು ಬೇರೆ ಏನಿದೆ ಅಂತೀಯ? ವಿಜಯನಗರದಲ್ಲಿ ಹಾಸ್ಯ ಸಂಜೆ ಇತ್ತಲ್ಲ ಮೊನ್ನೆ. ನಮ್ಮನೆಯವರಿಗೆ ಪಾಸ್ ಬಂದಿತ್ತು ಅಂತ ಹೋಗಿದ್ವಿ. ಹೆಂಡತಿ ಬೈದಳು ಅಂತ ಒಂದು ಜೋಕು, ಹೆಂಡತಿ ದಪ್ಪ ಆದಳು ಅಂತ ಒಂದು ಜೋಕು, ಹೆಂಡತಿ ತವರಿಗೆ ಹೋದ್ರೆ ಹಬ್ಬ ಅಂತ ಒಂದು ಜೋಕು. ಗಂಡಸರೆಲ್ಲ ತೊಡೆ ತಟ್ಕೊಂಡು ನಗ್ತಾರೆ. ನಮ್ಮನೆಯವರೂ ನಕ್ರು. ಮನೇಲಿ ಆ ಮನುಷ್ಯ ಟೀವಿ ನ್ಯೂಸ್ ಬಿಟ್ಟು ಇತ್ತ ಮುಖ ತಿರುಗಿಸಲ್ಲ. ಅಲ್ಲಿ ಹಲ್ಲು ಕಾಣೋ ಹಾಗೆ ನಗ್ತಿದ್ರು... ಥೂ, ಬಿಡು.

ಅದರ ಬದಲು ಎಕ್ಸಿಬಿಷನ್‌ಗೆ ಹೋಗಿ. ಮತ್ಸ್ಯಕನ್ಯೆ ತೋರಿಸ್ತಿದಾರೆ. ಗಾಜಿನ ತೊಟ್ಟಿಯೊಳಗೆ ಒಂದು ಹುಡುಗಿ, ಸೊಂಟಕ್ಕೆ ಮೀನಿನ ಬಾಲ ಕಟ್ಕೊಂಡು ಮುಳುಗಿ ಮುಳುಗಿ ಏಳ್ತಾಳೆ. ಜನ ಗಾಜಿಗೆ ಮೂಗು ಒತ್ಕೊಂಡು ಮೊಬೈಲ್ ಹಿಡೀತಾರೆ. ಅವಳಿಗೆ ಶೀತ ಆಗತ್ತಾ, ಹಸಿವಾಗತ್ತಾ, ಕೇಳೋ ಒಬ್ಬ ನರಪಿಳ್ಳೆ ಇಲ್ಲ. ಆದ್ರೂ ಆ ಏಳನೇ ಕ್ರಾಸಿಗಿಂತ ವಾಸಿ!

ಮ್‌ಮ್ ಅಂದ್ರೇನು? ಮತ್ತೆ ಅದೇನಾ? ನಿಮ್ಮ ಹೆಗ್ಗನಹಳ್ಳಿ ಕಡೆಯವರಿಗೆ ಒಂದು ಸಲ ಹೇಳಿದ್ರೆ ತಲೆಗೇ ಹೋಗಲ್ವಲ್ಲ!

ಗೊತ್ತು, ನೀನು ಯಾಕೆ ಅದರ ಹೆಸರೇ ಹಿಡ್ಕೊಂಡಿದೀಯ ಅಂತ. ನಾನು ಆಕ್ಟ್ ಮಾಡಿದೀನಿ ಅಂತ ತಾನೇ? ಹೌದು, ನಿನ್ನ ಹತ್ರಾನೇ ಬಂದು ಫೇಷಿಯಲ್ ಮಾಡಿಸ್ಕೊಂಡು ಹೋಗಿದ್ದೆ. ಇಲ್ಲ ಅನ್ನಲ್ಲ. ಆ ಡೈರೆಕ್ಟರ್ ಶ್ರೀಶೈಲ ಅನ್ನೋನು, ಬಸವ ಜಯಂತಿ ದಿನ ಪ್ರಸಾದ ಬಡಿಸ್ತಾ ಇದ್ದೆ ನೋಡು, ಆಗ ನನ್ನ ಮುಖವನ್ನೇ ನೋಡ್ತಾ ನಿಂತುಬಿಟ್ಟ. 'ಆಂಟಿ, ನಿಮ್ಮ ಮುಖದಲ್ಲಿ ತಾಯಿ ಕಳೆ ಇದೆ. ನಮ್ಮ ಹೀರೋಗೆ ತಾಯಿ ಆಗ್ತೀರಾ?' ಅಂದ. ಅಷ್ಟು ಜನರ ಮುಂದೆ! ನಾನೇನು ಹಲ್ಲು ಕಿಸ್ಕೊಂಡು ಹೋದೋಳಲ್ಲ. ಒಂದು ಸಲ ಬೇಡ ಅಂದೆ. ಆಮೇಲೆ ಹೋದೆ.

ಮಹಿಳಾ ಸಮಾಜದಲ್ಲೆಲ್ಲ ಹೇಳಿದ್ದೂ ನಿಜ. ಎದುರುಮನೆ ನರಸಮ್ಮನಿಗೂ ಹೇಳಿದ್ದೆ, ಹೀರೋ ತಾಯಿ ಅಂತ. ಆದ್ರೆ ಕಥೆ ಕೇಳಿದ ಮೇಲೆ ನನಗೇ ಹೇಸಿಗೆಯಾಯ್ತು ಕಣೇ. ನನ್ನ ಸೀನ್ ಎಲ್ಲ ತೆಗೆದುಹಾಕಪ್ಪ ಅಂದೆ. ನಾನೇ ಅಂದಿದ್ದು! ಈಗ ಅದರಲ್ಲಿ ನಾನಿಲ್ಲ. ಎಲ್ಲೂ ಇಲ್ಲ. ಅದಕ್ಕೇ ಹೇಳಿದ್ದು, ನೀನು ಹೋಗಿ ಏನು ನೋಡ್ತೀಯ ಅಂತ.

ಮುಗಿಸು ಬೇಗ. ಆ ಕಡೆ ಹುಬ್ಬು ಶುರು ಮಾಡು. ಹ್ಞಾಂ... ಸ್... ಮೆತ್ತಗೆ.

ಹೇಗಿದೆ ಅಂತ ನೋಡೋಕೆ ಒಂದು ಸಲ ಹೋಗಿದ್ದೆ ಅನ್ನು. ಇಂಟರ್ವೆಲ್‌ಗೇ ಎದ್ದು ಬಂದೆ. ತಡೆಯೋಕಾಗಲಿಲ್ಲ. ಒಂದು ಮನೆ, ಒಬ್ಬ ಹುಡುಗ, ಒಂದು ಬೆಕ್ಕು. ಇಷ್ಟೇ. ಫೈಟ್ ಇಲ್ಲ, ಹಾಡಿಲ್ಲ, ಕಾಮಿಡಿ ಇಲ್ಲ. ಆ ಹುಡುಗ ದಿನಾ ಏಳ್ತಾನೆ, ಅನ್ನ ಸೀಯಿಸ್ಕೊಳ್ತಾನೆ, ಕೆಲಸಕ್ಕೆ ಹೋಗ್ತಾನೆ, ಬರ್ತಾನೆ. ಇದನ್ನ ನೋಡೋಕೆ ಥಿಯೇಟರಿಗೆ ಹೋಗ್ಬೇಕಾ? ಕೊನೇಲಂತೂ ಮಹಾ ಅಪದ್ಧ! ಮನೆ ಖಾಲಿ ಮಾಡ್ತಾನೆ. ಸಾಮಾನೆಲ್ಲ ಲಾರಿಗೆ ಹಾಕಿ ಆಯ್ತು. ಆಮೇಲೆ ಗೋಡೆ ಮೇಲಿನ ಫೋಟೋ ಇಳಿಸ್ತಾನೆ, ತನ್ನ ಅಂಗಿ ತುದಿಯಲ್ಲಿ ಗಾಜು ಒರೆಸ್ತಾನೆ, ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಇಡ್ತಾನೆ. ಇಟ್ಟು, ಸೀಟ್ ಬೆಲ್ಟ್ ಹಾಕ್ತಾನೆ. ಫೋಟೋಗೆ ಕಣೇ! ಫೋಟೋಗೆ ಯಾರಾದ್ರೂ ಸೀಟ್ ಬೆಲ್ಟ್...

ಯಾಕೆ ನಿಲ್ಲಿಸಿದೆ? ದಾರ ಕಿತ್ತುಹೋಯ್ತಾ?

ಓ. ಇಂಟರ್ವೆಲ್‌ಗೆ ಎದ್ದು ಬಂದೋಳಿಗೆ ಕೊನೆ ಹೇಗೆ ಗೊತ್ತಾಯ್ತು ಅಂತ ನೋಡ್ತಿದೀಯ. ಕನ್ನಡಿಯಲ್ಲಿ ಕಾಣತ್ತೆ ನಿನ್ನ ಮುಖ. ನರಸಮ್ಮ ಹೇಳಿದ್ಲು. ಅಲ್ಲ, ನರಸಮ್ಮ ನೋಡಿಲ್ಲ, ಅವಳಿಗೂ ಹೋಗ್ಬೇಡ ಅಂದಿದೀನಿ. ಯಾರೋ ಹೇಳಿದ್ರು. ಮೊಬೈಲಲ್ಲಿ ಬಂದಿತ್ತು... ಏನೋ ಒಂದು. ನಿನಗೆ ಯಾಕೆ ಬೇಕು ಅದೆಲ್ಲ? ನೀನೇನು ಪೊಲೀಸಾ?

ಏನಾದ್ರೂ ಮಾತಾಡೇ. ಬಾಯಿಂದ ದಾರ ತೆಗೆದಿದೀಯಲ್ಲ, ಈಗ ಮಾತಾಡು.

ಚೇತನಾ... ಯಾರ ಫೋಟೋ ಅಂತ ನೀನು ಕೇಳಲೇ ಇಲ್ಲ.

ನೋಡ್ಬಿಟ್ಟಿದೀಯ. ಹ್ಞಾಂ? ಆಗಲೇ ನೋಡ್ಬಿಟ್ಟಿದೀಯ! ಭಾನುವಾರ ಹೋಗ್ತೀನಿ ಅಂತ ನೀನು ಅನ್ನಲೇ ಇಲ್ಲ, ಅಲ್ವಾ? 'ಆಂಟಿ, ಆ ಏಳನೇ ಕ್ರಾಸ್ ಸಿನಿಮಾ' ಅಂದೆ. ಅಷ್ಟಕ್ಕೇ ನಾನು ಮೇಲೆ ಬಿದ್ದೆ. ಅಷ್ಟೊತ್ತಿಂದ ಬಾಯಲ್ಲಿ ದಾರ ಕಚ್ಕೊಂಡು ನನ್ನ ಕುಣಿಸ್ತಾ ಇದೀಯ!

ಸರಿ, ನಗು. ಹೌದು, ನಾನೇ. ಗೋಡೆ ಮೇಲಿರೋದು ನಾನೇ! ಹೀರೋ ತಾಯಿ! ಕಾಯಿಲೆ ಬಿದ್ದು ಒಂದು ಡೈಲಾಗ್ ಹೇಳಿಯಾದ್ರೂ ಸಾಯಿಸಿದ್ದಾರಾ? ಇಲ್ಲ, ಕಥೆ ಶುರುವಾಗೋ ಮುಂಚೆನೇ ಸತ್ತಿದೀನಿ. ರೇಷ್ಮೆ ಸೀರೆ ಉಡಿಸಿ ಕುರ್ಚಿ ಮೇಲೆ ಕೂರಿಸಿ ಫೋಟೋ ಹೊಡೆದ್ರು. ನಾನು ಮೇಕಪ್ ಟೆಸ್ಟ್ ಅಂದ್ಕೊಂಡೆ. ಮುಗಿದ ಮೇಲೆ ಆ ಶ್ರೀಶೈಲ, 'ಆಂಟಿ, ಈಗ ಕ್ಯಾಮೆರಾ ನೋಡಿ ಒಂದು ಸಲ ಜೋರಾಗಿ ನಕ್ಕುಬಿಡಿ' ಅಂದ. ಎಲ್ಲರೂ ಸುತ್ತ ನಿಂತು ನಗಿ ನಗಿ ಅಂತಾರೆ. ನನ್ನ ಆಕ್ಟಿಂಗ್ ಮೆಚ್ಕೊಂಡ್ರು ಅಂತ ಹೊಟ್ಟೆ ತುಂಬ ನಕ್ಕೆ ಕಣೇ. ಆಮೇಲೆ ಗೊತ್ತಾಯ್ತು. ಸಿನಿಮಾದವರ ಪದ್ಧತಿಯಂತೆ ಅದು. ಸತ್ತವರ ಪಾತ್ರ ಮಾಡಿದೋರನ್ನ ಕೊನೇಲಿ ನಗಿಸಿ ಕಳಿಸ್ತಾರಂತೆ, ಅಪಶಕುನ ತಟ್ಟದಿರಲಿ ಅಂತ.

ಗಂಡ ಗುಂಡುಕಲ್ಲಿನ ಹಾಗಿದಾರೆ, ನನ್ನ ಫೋಟೋಗೆ ಹಾರ! ಅದೂ ಪ್ಲಾಸ್ಟಿಕ್ ಹಾರ. ಒಂದು ಮೊಳ ಸುಗಂಧರಾಜಕ್ಕೂ ಗತಿಯಿಲ್ವಾ ಆ ಭಿಕಾರಿಗಳಿಗೆ? ಕೆಳಗೊಂದು ಕೆಂಪು ಬಲ್ಬು. ನರಸಮ್ಮ ನೋಡಿದ್ರೆ ಇಡೀ ಕ್ರಾಸಿಗೆ ಡಂಗುರ ಹೊಡೀತಾಳೆ. ಅದಕ್ಕೇ ಹೇಳಿದ್ದು, ಹೋಗ್ಬೇಡಿ ಅಂತ. ತಿಳೀತಾ ಈಗ? ಇಷ್ಟೇ ವಿಷಯ. ಬೇರೇನಿಲ್ಲ.

ನೀನು ನಗ್ತಾ ಇಲ್ವಲ್ಲ.

ನಗೇ, ಪರವಾಗಿಲ್ಲ. ಯಾಕೆ ಹಾಗೆ ನೋಡ್ತೀಯ? ಏನು, ಥಿಯೇಟರಲ್ಲಿ ನನ್ನನ್ನ ನೋಡಿದ್ಯಾ? ಹಿಂದಿನ ಸಾಲಲ್ಲಿದ್ರಾ ನೀನೂ ಹನುಮೇಶನೂ? ...ಮಾತಾಡ್ಸೋದಲ್ವಾ ಮತ್ತೆ.

ಓ. ಮಾತಾಡ್ಸೋ ಹಾಗಿರಲಿಲ್ಲ ನಾನು.

ಹೋಗ್ತೀನಿ ಕಣೇ. ಮಧ್ಯಾಹ್ನದ ಆಟಕ್ಕೆ. ಒಂದು ಸಲ ಅಲ್ಲ. ಟಿಕೆಟ್ ಕೊಡೋ ಹುಡುಗಿಗೆ ನಾನು ಯಾವ ಸೀಟು ಕೇಳ್ತೀನಿ ಅಂತ ಗೊತ್ತಾಗಿಹೋಗಿದೆ. ನನ್ನ ಮುಖ ನೋಡ್ಕೊಳ್ಳೋಕಲ್ಲ, ಆಣೆ ಮಾಡಿ ಹೇಳ್ತೀನಿ. ಆ ಹುಡುಗ ಇದಾನಲ್ಲ... ಅವನು ದಿನಾ ಬೆಳಿಗ್ಗೆ ಶೂ ಹಾಕ್ಕೊಂಡು, ಬಾಗಿಲವರೆಗೆ ಹೋಗಿ, ವಾಪಸ್ ಬಂದು, ಫೋಟೋ ಮುಂದೆ ನಿಂತು, 'ಅಮ್ಮಾ, ಹೋಗ್ಬರ್ತೀನಿ' ಅಂತಾನೆ. ಸಂಜೆ ಬಂದು ಅವತ್ತು ಆಗಿದ್ದೆಲ್ಲ ಹೇಳ್ತಾನೆ. ಮ್ಯಾನೇಜರ್ ಬೈದಿದ್ದು, ಬಸ್ಸಲ್ಲಿ ಸೀಟು ಸಿಕ್ಕಿದ್ದು, ಅನ್ನ ಸೀದಿದ್ದು. ನನ್ನ ಮುಖ ನೋಡ್ಕೊಂಡು ಹೇಳ್ತಾನೆ!

ನಮ್ಮ ಮಗ ಭೂಷಣ, ಸೊಸೆ ಇಬ್ಬರೂ ಮಹಡಿ ಮೇಲೆ ಇರೋದು. ಹೊರಗಡೆಯಿಂದ ಮೆಟ್ಟಿಲು ಕಟ್ಟಿಸಿದೀವಲ್ಲ. ಅಲ್ಲಿಂದಲೇ ಇಳೀತಾರೆ, ಅಲ್ಲಿಂದಲೇ ಹತ್ತುತ್ತಾರೆ. ಒಳ್ಳೆಯವರೇ, ಜಗಳ ಏನೂ ಇಲ್ಲ. ಗೇಟ್ ಚಿಲಕ ಸದ್ದಾದ್ರೆ ಹೋದ್ರು ಅಂತ. ಮತ್ತೆ ಸದ್ದಾದ್ರೆ ಬಂದ್ರು ಅಂತ. ನಮ್ಮನೆಯವರು ಟೀವಿ ಮುಂದೆ. ನಾನು ಬದುಕೇ ಇದೀನಲ್ಲೇ, ಅಡುಗೆಮನೇಲಿ ನಿಂತೇ ಇದೀನಿ, ಹಾರ ಗೀರ ಏನೂ ಇಲ್ಲ, ಒಂದು ದಿನ ಒಬ್ಬರಾದ್ರೂ ಬಾಗಿಲಲ್ಲಿ ನಿಂತು...

ಏನಿಲ್ಲ. ಇದು ದಾರದ ನೀರು. ನೀನು ಎಳೆದೆಯಲ್ಲ, ಅದಕ್ಕೆ. ಹುಬ್ಬು ಮಾಡಿಸ್ಕೊಂಡ್ರೆ ಯಾರಿಗಾದ್ರೂ ಬರತ್ತೆ. ಅಷ್ಟು ಬಿಗಿಯಾಗಿ ಎಳೀತೀಯ ನೀನು, ಒಂಚೂರೂ ಕೈ ಹದ ಇಲ್ಲ...

ದಾರ ಎಲ್ಲಿ? ಡಬ್ಬಿಗೆ ಹಾಕ್ಬಿಟ್ಟಿದೀಯಾ? ಯಾವಾಗ?

ಎರಡೂ ಹುಬ್ಬು ಆಗ್ಹೋಯ್ತಾ?

...ಹಾಗಾದ್ರೆ ಮೇಲ್ತುಟಿನೂ ಮಾಡು. ಹೇಳಿದ್ದೆ, ಹೌದು, ಬೇಡ ಅಂತ ನಾನೇ ಹೇಳಿದ್ದೆ. ಈಗ ನಾನೇ ಹೇಳ್ತಿದೀನಿ, ಮಾಡು. ದಾರ ತೆಗಿ. ಜೋರಾಗೇ ಎಳಿ ಚೇತನಾ, ಪರವಾಗಿಲ್ಲ. ಬಾಗಿಲು ತೆಗೆದು ಯಾರಾದ್ರೂ ಒಳಗೆ ಬಂದ್ರೆ, ತುಟಿ ಮಾಡ್ತಿದೀನಿ, ಅದಕ್ಕೆ ಹೀಗೆ ಅಂತ ಹೇಳು. ನಾನು ತುಟಿ ಒಳಗೆ ಮಡಚಿ ಹಿಡ್ಕೋತೀನಿ. ಇನ್ನು ಮಾತಾಡಲ್ಲ.